ತಂಡದ ಮಗು ಆಸ್ಪತ್ರೆ ಸೇರಿದಾಗ: ಕ್ಲಬ್ಬಿನವರು ಏನು ಮಾಡಬೇಕು, ಯಾವಾಗ ಮಾಡಬೇಕು

ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್. ಅದರ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಮಗು ಆಡುತ್ತಿದ್ದ ಕ್ಲಬ್ಬಿನವರ ಓಡಾಟ ಮಾತ್ರ ಎಷ್ಟೋ ಸಲ ಮೂರ್ನಾಲ್ಕು ವಾರಕ್ಕೇ ಮುಗಿದುಹೋಗುತ್ತದೆ. ಮೊದಲ ವಾರ ಆಸ್ಪತ್ರೆಯ ಬಾಗಿಲಲ್ಲಿ ಜನವೋ ಜನ. ಆರನೇ ತಿಂಗಳಲ್ಲಿ ಒಂದು ಫೋನೂ ಇಲ್ಲ. ಯಾರ ಪ್ರೀತಿಯೂ ಕಡಿಮೆಯಾಗಿರುವುದಿಲ್ಲ. ಇದ್ದ ಶಕ್ತಿಯನ್ನೆಲ್ಲ ಶುರುವಿನಲ್ಲೇ ಸುರಿದುಬಿಟ್ಟಿರುತ್ತಾರೆ, ಅಷ್ಟೇ.

ಈ ಆರಂಭಶೂರತನ ನೋಡಿದಾಗ ನನಗೆ ಸಂಕಟವಾಗುತ್ತದೆ. ಏಕೆಂದರೆ ವರ್ಷಗಟ್ಟಲೆಯ ಕೆಲಸವನ್ನು ವಾರ ವಾರಕ್ಕೆ ಹಂಚಿಕೊಂಡು ಮಾಡುವುದು ಆಟದವರಿಗೆ ಚೆನ್ನಾಗಿ ಗೊತ್ತು. ಯಾವ ತಿಂಗಳು ಎಷ್ಟು ಓಡಬೇಕು, ಯಾವಾಗ ವಿಶ್ರಾಂತಿ, ಯಾರ ಬದಲಿಗೆ ಯಾರು ಇಳಿಯಬೇಕು, ಎಲ್ಲಕ್ಕೂ ನಿಮ್ಮಲ್ಲಿ ಚಾರ್ಟ್ ಇರುತ್ತದೆ. ಅದೇ ಬುದ್ಧಿಯನ್ನು ಕಾಯಿಲೆ ಬಿದ್ದ ಮಗುವಿನ ವಿಷಯಕ್ಕೂ ತನ್ನಿ ಅನ್ನುವುದೇ ಈ ಲೇಖನದ ಒಟ್ಟು ಮಾತು. ಬರೆಯುವಾಗ ನನ್ನ ಮನಸ್ಸಿನಲ್ಲಿ ಹೆಚ್ಚಾಗಿ ಇದ್ದದ್ದು ಕ್ಯಾನ್ಸರ್. ಕಿಡ್ನಿ, ಲಿವರ್, ಹೃದಯದ ದೊಡ್ಡ ಕಾಯಿಲೆಗಳಿಗೂ ಇದರಲ್ಲಿ ಬಹುಪಾಲು ಹೊಂದುತ್ತದೆ.

ಹಂತ 1: ಮೊದಲ ಎರಡು ದಿನ ಯಾರಿಗೂ ಏನೂ ಹೇಳಬೇಡಿ, ಒಬ್ಬರನ್ನು ಗೊತ್ತುಮಾಡಿ

ಸುದ್ದಿ ಕೇಳಿದ ಕೂಡಲೇ ಕ್ಲಬ್ಬಿನ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಕಾಯಿಲೆಯ ಹೆಸರು, ಅದು ಎಷ್ಟು ಮುಂದುವರಿದಿದೆ, ಯಾವ ಆಸ್ಪತ್ರೆ, ಇದೆಲ್ಲ ಆ ಮಗು ಮತ್ತು ಮನೆಯವರ ಸ್ವಂತ ವಿಷಯ. ಎಷ್ಟೋ ಸಲ ಮಗುವಿಗೇ ಇನ್ನೂ ಪೂರ್ತಿ ಹೇಳಿರುವುದಿಲ್ಲ. ಅಜ್ಜ ಅಜ್ಜಿಗೆ ತಿಳಿದಿರುವುದಿಲ್ಲ. ಹದಿನಾಲ್ಕು ವರ್ಷದ ಹುಡುಗಿ ತನ್ನ ಕಾಯಿಲೆಯ ಹೆಸರನ್ನು ಮೊದಲು ಓದುವುದು ಗುಂಪಿನ ಮೆಸೇಜಿನಲ್ಲಿ ಅಂತಾದರೆ ಅದನ್ನು ಆಮೇಲೆ ಸರಿಪಡಿಸಲು ಆಗುವುದಿಲ್ಲ.

ಈ ಎರಡು ದಿನದಲ್ಲಿ ಒಂದೇ ಕೆಲಸ. ಮನೆಯವರಿಗೂ ಕ್ಲಬ್ಬಿಗೂ ನಡುವೆ ಒಬ್ಬರನ್ನು ನಿಲ್ಲಿಸಿ. ಎಲ್ಲ ಮಾತು ಅವರ ಮೂಲಕವೇ ಹೋಗಬೇಕು, ಅವರ ಮೂಲಕವೇ ಬರಬೇಕು. ಕೋಚ್‌ಗೆ ಈ ಕೆಲಸ ಕೊಡದಿದ್ದರೆ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಕೋಚ್ ಮಗುವಿಗೆ ಬೇರೆ ರೀತಿಯಲ್ಲಿ ಬೇಕಾಗಿರುತ್ತಾರೆ. ಅದೂ ಅಲ್ಲದೆ, ಕೋಚ್ ಫೋನ್ ಮಾಡಿದರೆ ‘ತಂಡದಲ್ಲಿ ಜಾಗ ಹೋಗುತ್ತೇನೋ’ ಅನ್ನುವ ಭಯ ಮನೆಯವರಿಗೆ ಒಳಗೊಳಗೇ ಇರುತ್ತದೆ. ಇನ್ನೊಬ್ಬ ಆಟಗಾರನ ಅಪ್ಪನೋ ಅಮ್ಮನೋ ಆದರೆ ಸರಿ. ಮಾತು ಕಡಿಮೆ, ಕೆಲಸ ಜಾಸ್ತಿ ಅನ್ನುವಂಥವರನ್ನು ಹುಡುಕಿ.

ಅವರು ಮೊದಲ ಸಲ ಕೇಳಬೇಕಾದ್ದು ಮೂರೇ ಪ್ರಶ್ನೆ. ಯಾರಿಗೆ, ಎಷ್ಟು ಹೇಳಬಹುದು? ಈ ವಾರ ನಿಮ್ಮ ಕೈಯಿಂದ ಆಗದೇ ಇರುವ ಕೆಲಸ ಯಾವುದು? ಮುಂದಿನ ಸಲ ಯಾವ ದಿನ ಫೋನ್ ಮಾಡಲಿ? ಎರಡನೆಯದನ್ನು ‘ಏನಾದರೂ ಬೇಕಿದ್ದರೆ ಹೇಳಿ’ ಅಂತ ಕೇಳಿದರೆ ಯಾರೂ ಹೇಳುವುದಿಲ್ಲ. ಮಗುವಿನ ತಲೆದಿಂಬಿನ ಪಕ್ಕ ಕೂತ ತಾಯಿಗೆ ಏನು ಬೇಕು ಅಂತ ಯೋಚಿಸುವ ಶಕ್ತಿ ಉಳಿದಿರುವುದಿಲ್ಲ. ‘ಮಂಗಳವಾರ ಮತ್ತು ಶುಕ್ರವಾರ ಚಿಕ್ಕವನನ್ನು ಶಾಲೆಯಿಂದ ಕರೆತಂದು ನಮ್ಮನೆಯಲ್ಲಿ ಇಟ್ಟುಕೊಳ್ಳುತ್ತೇವೆ, ಆಗಬಹುದಾ?’ ಅಂತ ಕೇಳಿ ನೋಡಿ. ಹೂಂ ಅಂತಾರೆ.

ಹಂತ 2: ತಂಡದ ಮಕ್ಕಳಿಗೆ ನಿಜ ಹೇಳಿ

ಮನೆಯವರ ಒಪ್ಪಿಗೆ ಸಿಕ್ಕ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಹೇಳಿ. ಹೇಳದೇ ಇದ್ದರೆ ಅವರೇ ಕಟ್ಟಿಕೊಳ್ಳುವ ಕಥೆ ನಿಜಕ್ಕಿಂತ ಭಯಂಕರವಾಗಿರುತ್ತದೆ. ಮೂರು ಮಾತು ಬಿಡಿಸಿ ಹೇಳಲೇಬೇಕು. ಕ್ಯಾನ್ಸರ್ ಅಂಟುವ ರೋಗ ಅಲ್ಲ. ಪಕ್ಕದಲ್ಲಿ ಕೂತರೆ, ನೀರಿನ ಬಾಟಲಿ ಹಂಚಿಕೊಂಡಿದ್ದರೆ ಬರುವುದಿಲ್ಲ. ಆಟದಲ್ಲಿ ಬಿದ್ದ ಏಟಿನಿಂದ ಅದು ಬಂದಿಲ್ಲ. ಕೊನೆಯದು ಬಹಳ ಮುಖ್ಯ. ಕಳೆದ ತಿಂಗಳು ಅವನಿಗೆ ಡಿಕ್ಕಿ ಹೊಡೆದಿದ್ದ ಹುಡುಗ ‘ನನ್ನಿಂದಲೇ ಆಯ್ತು’ ಅಂತ ರಾತ್ರಿ ನಿದ್ದೆ ಮಾಡದೇ ಇರಬಹುದು. ಅವನು ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ.

‘ಅವನು ಸಾಯ್ತಾನಾ?’ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಗದರಬೇಡಿ. ಒಳ್ಳೆಯ ಚಿಕಿತ್ಸೆ ಸಿಗುವ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಶೇಕಡಾ 80ಕ್ಕಿಂತ ಹೆಚ್ಚು ಮಂದಿ ಗುಣವಾಗುತ್ತಾರೆ. ಇದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಾತು. ‘ತುಂಬಾ ಮಕ್ಕಳು ಗುಣವಾಗುತ್ತಾರೆ, ಡಾಕ್ಟರು ಅದಕ್ಕಾಗಿಯೇ ಕೆಲಸ ಮಾಡುತ್ತಿದ್ದಾರೆ, ಎಲ್ಲರಿಗೂ ಗುಣವಾಗುತ್ತೆ ಅಂತ ನಾನು ಮಾತು ಕೊಡೋಕ್ಕಾಗಲ್ಲ’ ಅಂತ ಹೇಳಿದರೆ ಮಕ್ಕಳು ಅದನ್ನು ತಡೆದುಕೊಳ್ಳುತ್ತಾರೆ. ದೊಡ್ಡವರು ಏನೋ ಮುಚ್ಚಿಡುತ್ತಿದ್ದಾರೆ ಅನ್ನುವ ಅನುಮಾನವನ್ನು ತಡೆದುಕೊಳ್ಳುವುದು ಅವರಿಗೆ ಇನ್ನೂ ಕಷ್ಟ.

ಆಸ್ಪತ್ರೆಯಲ್ಲಿರುವ ಗೆಳೆಯನಿಗೆ ಏನು ಮೆಸೇಜ್ ಮಾಡಬೇಕು ಅಂತಲೂ ಹೇಳಿಕೊಡಿ. ‘ನೀನು ಫೈಟರ್, ಗೆದ್ದೇ ಗೆಲ್ತೀಯ’ ಅನ್ನುವುದು ಆಟದವರ ಬಾಯಿಗೆ ಸುಲಭವಾಗಿ ಬರುತ್ತದೆ. ಮೂರನೇ ಕೀಮೋ ಆದ ಮೇಲೆ ವಾಂತಿ ಮಾಡಿ ಮಾಡಿ ಮಲಗಿದ ಹುಡುಗನಿಗೆ ಅದೂ ಒಂದು ಹೊರೆ. ತಾನು ಅಳುವ ಹಾಗೂ ಇಲ್ಲ ಅನ್ನಿಸಿಬಿಡುತ್ತದೆ. ಅದರ ಬದಲು ಇವತ್ತು ಯಾರು ತಡವಾಗಿ ಬಂದು ಸುತ್ತು ಹಾಕಿದರು, ಯಾರ ಶೂ ಕಿತ್ತುಹೋಯಿತು, ಕೋಚ್ ಯಾಕೆ ರೇಗಿದರು, ಇಂಥದ್ದು ಬರೆಯಲಿ. ಕೊನೆಗೆ ‘ಉತ್ತರ ಕೊಡಬೇಕಾಗಿಲ್ಲ’ ಅಂತ ಒಂದು ಸಾಲು ಇರಲಿ. ಆ ಸಾಲು ಕಂಡರೆ ಓದುವವರ ಜೀವ ಎಷ್ಟು ಹಗುರಾಗುತ್ತೆ ಅನ್ನುವುದು ಮಲಗಿದವರಿಗೇ ಗೊತ್ತು.

ಹಂತ 3: ಎರಡು ವರ್ಷದ ಚಾರ್ಟ್ ಹಾಕಿ

ಒಂದು ಹಾಳೆಯಲ್ಲಿ 24 ತಿಂಗಳ ಮನೆ ಹಾಕಿ. ಸಹಾಯ ಮಾಡುತ್ತೇನೆ ಅಂತ ಬಂದ ಪ್ರತಿಯೊಬ್ಬರ ಹೆಸರನ್ನೂ ಅದರಲ್ಲಿ ಹಂಚಿ. ಮೊದಲ ತಿಂಗಳಿಗೆ ಎಲ್ಲರೂ ಕೈ ಎತ್ತುತ್ತಾರೆ. ಅವರಲ್ಲಿ ಅರ್ಧ ಜನಕ್ಕೆ ‘ನಿಮ್ಮನ್ನು ಏಳನೇ ತಿಂಗಳಿಗೆ ಇಟ್ಟುಕೊಂಡಿದ್ದೇವೆ’ ಅಂತ ಹೇಳಿ. ಕೆಲವರಿಗೆ ಬೇಜಾರಾಗಬಹುದು. ಆಗಲಿ.

ಕೆಲಸಗಳನ್ನು ಚಿಕ್ಕದಾಗಿ ಒಡೆಯಿರಿ. ಆಸ್ಪತ್ರೆಗೆ ಕರೆದೊಯ್ಯುವ ಗಾಡಿ, ರಾತ್ರಿ ಊಟ, ಬಟ್ಟೆ ಒಗೆದು ತರುವುದು, ಶಾಲೆಯ ನೋಟ್ಸ್, ಮನೆಯ ಬೀಗ ನೋಡಿಕೊಳ್ಳುವುದು, ವಿಮೆಯ ಕಾಗದ ಪತ್ರ. ಕಾಗದ ಪತ್ರಕ್ಕೆ ಒಬ್ಬರೇ ಇರಲಿ. ಅದು ಮೈ ಮುರಿಯುವ ಕೆಲಸ, ಕೈ ಬದಲಾದರೆ ಕೆಡುತ್ತದೆ. ಆಟಗಾರರಿಗಾಗಿ ಸಂಘ ಅಥವಾ ಫೆಡರೇಷನ್ ಮಾಡಿಸಿರುವ ವಿಮೆ ಇದೆಯಾ, ಅದು ಗಾಯಕ್ಕೆ ಮಾತ್ರವಾ, ಕಾಯಿಲೆಗೂ ಸಿಗುತ್ತಾ ಅಂತ ಅವರೇ ಓದಿ ನೋಡಲಿ.

ಊಟ ಕೊಡುವ ಮುಂಚೆ ಕೇಳಿ. ಕೀಮೋ ನಡೆಯುವಾಗ ಮಗುವಿಗೆ ಏನು ತಿನ್ನಿಸಬಹುದು ಅಂತ ಆಸ್ಪತ್ರೆಯವರು ಪಟ್ಟಿ ಕೊಟ್ಟಿರುತ್ತಾರೆ. ಹಸಿಯಾದದ್ದು, ಹೊತ್ತು ಮೀರಿದ್ದು ಸಾಮಾನ್ಯವಾಗಿ ಬೇಡ. ಹಾಗಾಗಿ ನಿಮ್ಮ ಅಡುಗೆ ಅಪ್ಪ, ಅಮ್ಮ, ತಮ್ಮ, ತಂಗಿಗೆ ಅಂತ ಇಟ್ಟುಕೊಳ್ಳಿ. ಡಬ್ಬಿ ವಾಪಸ್ ಕೊಡುವ ಚಿಂತೆ ಇಲ್ಲದಂಥದ್ದರಲ್ಲಿ ಕೊಡಿ.

ತಮ್ಮ ತಂಗಿಯರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಕಾಯಿಲೆ ಬಿದ್ದ ಮಗುವಿನ ಸುತ್ತ ಹತ್ತು ಜನ ಇರುತ್ತಾರೆ. ಮನೆಯಲ್ಲಿ ಉಳಿದ ಮಗು ಒಬ್ಬಂಟಿ. ಎಷ್ಟೋ ಸಲ ಅದೂ ಅದೇ ಕ್ಲಬ್ಬಿನಲ್ಲಿ ಆಡುತ್ತಿರುತ್ತದೆ, ಕರೆತರುವವರಿಲ್ಲದೆ ಬರುವುದು ನಿಲ್ಲಿಸಿರುತ್ತದೆ. ಆ ಮಗುವನ್ನು ಪ್ರಾಕ್ಟೀಸಿಗೆ ಕರೆತನ್ನಿ. ಬಂದ ಮೇಲೆ ‘ಅಣ್ಣ ಹೇಗಿದ್ದಾನೆ?’ ಅಂತ ಪ್ರತಿಯೊಬ್ಬರೂ ಕೇಳುವುದು ಬೇಡ. ‘ನಿನ್ನ ಬ್ಯಾಕ್‌ಹ್ಯಾಂಡ್ ಈಗ ಹೇಗಿದೆ ತೋರಿಸು’ ಅಂತ ಕೇಳಿ.

ಹಂತ 4: ರಕ್ತ, ಪ್ಲೇಟ್‌ಲೆಟ್, ಅಸ್ಥಿಮಜ್ಜೆ

ಆಟದ ಕ್ಲಬ್ಬಿನಲ್ಲಿ ಆರೋಗ್ಯವಾಗಿರುವ, ಹದಿನೆಂಟು ದಾಟಿದ ಯುವಕರು ಒಂದೇ ಕಡೆ ಸಿಗುತ್ತಾರೆ. ಇದಕ್ಕಿಂತ ದೊಡ್ಡ ಆಸ್ತಿ ಆಸ್ಪತ್ರೆಗೆ ಬೇಕಾ? ಅದನ್ನು ಸರಿಯಾಗಿ ಬಳಸಲು ಒಂದಿಷ್ಟು ವಿಷಯ ಗೊತ್ತಿರಬೇಕು.

ಕೆಂಪು ರಕ್ತಕಣವನ್ನು ತಣ್ಣಗೆ ಸುಮಾರು 42 ದಿನದವರೆಗೆ ಇಡಬಹುದು. ರಕ್ತ ಹೆಪ್ಪುಗಟ್ಟಿಸುವ ಕಣವಾದ ಪ್ಲೇಟ್‌ಲೆಟ್ ಹಾಗಲ್ಲ. ಕೋಣೆಯ ಉಷ್ಣತೆಯಲ್ಲಿ, ಸದಾ ಅಲುಗಾಡಿಸುತ್ತಾ ಇಟ್ಟರೂ ಐದರಿಂದ ಏಳು ದಿನಕ್ಕೆ ಮುಗಿಯಿತು. ಆದ್ದರಿಂದ ಇಡೀ ಕ್ಲಬ್ಬು ಒಂದೇ ಭಾನುವಾರ ಬ್ಯಾನರ್ ಕಟ್ಟಿ ರಕ್ತ ಕೊಡುವುದಕ್ಕಿಂತ, ಹತ್ತು ಜನ ಸರದಿಯ ಮೇಲೆ ವಾರ ಬಿಟ್ಟು ವಾರ ಹೋಗುವುದರಿಂದ ಆಗುವ ಉಪಕಾರ ಹೆಚ್ಚು. ಪ್ಲೇಟ್‌ಲೆಟ್ ಮಾತ್ರ ತೆಗೆದು ಉಳಿದ ರಕ್ತವನ್ನು ವಾಪಸ್ ದೇಹಕ್ಕೆ ಬಿಡುವ ಯಂತ್ರವಿದೆ. ಅದಕ್ಕೆ ಒಂದೂವರೆ ಎರಡು ಗಂಟೆ ಕೂರಬೇಕಾಗುತ್ತದೆ. ಪಂದ್ಯದ ಹಿಂದಿನ ದಿನ ಕೊಡಬೇಡಿ. ಕೊಟ್ಟ ದಿನ ಕಠಿಣ ತರಬೇತಿಯೂ ಬೇಡ.

ಇನ್ನೊಂದು ಎಚ್ಚರ. ಮುಂದೆ ಅಸ್ಥಿಮಜ್ಜೆಯ, ಅಂದರೆ ಮೂಳೆಯೊಳಗೆ ರಕ್ತ ತಯಾರಾಗುವ ತಿರುಳಿನ, ಕಸಿ ಆಗುವ ಸಂಭವ ಇದ್ದರೆ ರಕ್ತಸಂಬಂಧಿಗಳ ರಕ್ತ ಕೊಡಿಸಬೇಡಿ ಅಂತ ಡಾಕ್ಟರು ಹೇಳುತ್ತಾರೆ. ಅವರ ರಕ್ತಕ್ಕೆ ಮಗುವಿನ ದೇಹ ಮೊದಲೇ ವಿರೋಧ ಬೆಳೆಸಿಕೊಂಡರೆ ಆಮೇಲೆ ಅವರ ಮಜ್ಜೆಯನ್ನೇ ಒಪ್ಪದೇ ಹೋಗಬಹುದು. ‘ಅಪ್ಪ ಯಾಕೆ ಕೊಡ್ತಿಲ್ಲ?’ ಅಂತ ಹಿಂದಿನಿಂದ ಮಾತಾಡುವವರಿಗೆ ಇದು ಗೊತ್ತಿರಲಿ.

ಮಜ್ಜೆ ದಾನಿಗಳ ನೋಂದಣಿಗೆ ಕೆನ್ನೆಯ ಒಳಗಿನಿಂದ ಹತ್ತಿಯ ಕಡ್ಡಿಯಲ್ಲಿ ಒಂದು ಮಾದರಿ ಕೊಟ್ಟರೆ ಸಾಕು. ಒಂದೇ ತಂದೆತಾಯಿಯ ಮಕ್ಕಳಲ್ಲಿ ಒಬ್ಬೊಬ್ಬರಿಗೂ ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಹೊರಗಿನವರು ಹೊಂದುವುದು ಬಹಳ ಅಪರೂಪ. ಹಾಗಾಗಿ ‘ನಮ್ಮ ಹುಡುಗನಿಗೆ ಕೊಡುತ್ತೇವೆ’ ಅಂತ ಬಂದವರಿಗೆ ಮೊದಲೇ ತಿಳಿಸಿ: ನೀವು ಹೊಂದಬಹುದಾದದ್ದು ಎಲ್ಲೋ ಇರುವ, ಹೆಸರೂ ಗೊತ್ತಿಲ್ಲದ ಒಬ್ಬರಿಗೆ. ಮನಸ್ಸಿದ್ದವರು ಮಾತ್ರ ಹೆಸರು ಕೊಡಲಿ. ಕಸಿಗೆ ಮುಂಚೆ ರೋಗಿಯ ಸ್ವಂತ ಮಜ್ಜೆಯನ್ನು ಔಷಧಿಯಿಂದ ಪೂರ್ತಿ ಅಳಿಸುತ್ತಾರೆ. ಆ ಹಂತದಲ್ಲಿ ದಾನಿ ಹಿಂದೆ ಸರಿದರೆ ರೋಗಿಯ ಜೀವಕ್ಕೇ ಅಪಾಯ. ಜಪಾನಿನ ಈಜುಗಾರ್ತಿ ರಿಕಾಕೊ ಇಕೀ 2019ರ ಫೆಬ್ರವರಿಯಲ್ಲಿ, 18ನೇ ವಯಸ್ಸಿನಲ್ಲಿ, ತನಗೆ ಲ್ಯುಕೇಮಿಯಾ ಆಗಿದೆ ಅಂತ ಹೇಳಿದಾಗ ಅಲ್ಲಿನ ಮಜ್ಜೆ ದಾನಿಗಳ ಕೇಂದ್ರಕ್ಕೆ ವಿಚಾರಣೆಗಳ ಹೊಳೆಯೇ ಹರಿಯಿತು. ಆಟಗಾರರ ಮಾತಿಗೆ ಆ ಶಕ್ತಿ ಇದೆ. ಆದ್ದರಿಂದಲೇ ಬಂದವರಿಗೆ ಪೂರ್ತಿ ವಿಷಯ ತಿಳಿಸುವುದು ಕ್ಲಬ್ಬಿನ ಹೊಣೆ.

ಹಂತ 5: ಹಣ

ಹಣ ಎತ್ತುವ ಮುಂಚೆ ಮನೆಯವರಿಗೆ ಬೇಕಾ ಅಂತ ಕೇಳಿ. ಬೇಕು ಅಂದರೆ ಪ್ರತ್ಯೇಕ ಖಾತೆ ತೆರೆಯಿರಿ. ಇಬ್ಬರ ಸಹಿ ಇರಲಿ. ಕೋಚ್ ಅಥವಾ ಕ್ಯಾಪ್ಟನ್‌ನ ಸ್ವಂತ ಖಾತೆಗೆ ಹಾಕಿಸುವುದು ಬೇಡವೇ ಬೇಡ. ಅವರು ಎಷ್ಟು ಪ್ರಾಮಾಣಿಕರಾದರೂ ಬೇಡ. ತಿಂಗಳಿಗೊಮ್ಮೆ ಲೆಕ್ಕ ಬರೆದು ತೋರಿಸಿ. ಮಿಕ್ಕಿದರೆ ಏನು ಮಾಡುವುದು ಅಂತ ಮೊದಲ ದಿನವೇ ಬರೆದಿಡಿ.

ಆಸ್ಪತ್ರೆಯ ಬಿಲ್ಲು ಎಲ್ಲರ ಕಣ್ಣಿಗೂ ಬೀಳುತ್ತದೆ. ದೂರದಿಂದ ಓಡಾಡುವ ಖರ್ಚು, ಆಸ್ಪತ್ರೆಯ ಹತ್ತಿರ ಉಳಿಯುವ ಬಾಡಿಗೆ, ಅಪ್ಪನೋ ಅಮ್ಮನೋ ಕೆಲಸ ಬಿಟ್ಟಿದ್ದರಿಂದ ನಿಂತ ಸಂಬಳ, ಇವು ಕಾಣುವುದಿಲ್ಲ. ಮನೆ ಮುಳುಗಿಸುವುದು ಹೆಚ್ಚಾಗಿ ಇವೇ.

ಹಣಕ್ಕಾಗಿ ಕೂದಲುದುರಿದ ಮಗುವಿನ ಫೋಟೋ ಹಾಕುವುದಕ್ಕೆ ನಾನು ಖಡಾಖಂಡಿತವಾಗಿ ವಿರೋಧಿ. ಇಂಟರ್ನೆಟ್ಟಿಗೆ ಹೋದದ್ದು ಅಲ್ಲೇ ಉಳಿಯುತ್ತದೆ. ಹತ್ತು ವರ್ಷದ ನಂತರ ಆ ಹುಡುಗ ಕೆಲಸಕ್ಕೆ ಅರ್ಜಿ ಹಾಕಿದಾಗ ಅವನ ಹೆಸರು ಹುಡುಕಿದವರಿಗೆ ಮೊದಲು ಸಿಗುವುದು ಅದೇ ಆಗಬಾರದು. ಆಡುತ್ತಿರುವ ಫೋಟೋ ಹಾಕಿ, ಅದೂ ಅವನು ಒಪ್ಪಿದರೆ.

ಹಂತ 6: ಸೋಂಕಿನ ವಿಷಯದಲ್ಲಿ ಕ್ಲಬ್ಬಿನ ಜವಾಬ್ದಾರಿ

ಇದನ್ನು ಕ್ಲಬ್ಬಿನ ಪ್ರತಿಯೊಬ್ಬ ತಂದೆತಾಯಿಗೂ ಓದಿ ಹೇಳಿ.

ಕೀಮೋ ಕೊಟ್ಟ ಏಳರಿಂದ ಹದಿನಾಲ್ಕು ದಿನದ ಸುಮಾರಿಗೆ ಸೋಂಕಿನ ವಿರುದ್ಧ ನಿಲ್ಲುವ ಬಿಳಿ ರಕ್ತಕಣಗಳು ತೀರಾ ಕೆಳಗಿಳಿಯುತ್ತವೆ. ಆಗ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೂ ಅದು ತುರ್ತು ಪರಿಸ್ಥಿತಿ. ಮಗು ನಿಮ್ಮ ಮೈದಾನದಲ್ಲಿ, ನಿಮ್ಮ ಗಾಡಿಯಲ್ಲಿ ಇರುವಾಗ ಮೈ ಬಿಸಿಯಾದರೆ ‘ಬಿಸಿಲಿಗೆ ಹೀಗಾಗಿರಬೇಕು’ ಅಂತ ಕಾಯಬೇಡಿ. ಜ್ವರದ ಮಾತ್ರೆ ಕೊಟ್ಟು ಮಲಗಿಸಬೇಡಿ, ಅದು ಜ್ವರವನ್ನು ಮುಚ್ಚಿಬಿಡುತ್ತದೆ. ಮನೆಯವರಿಗೆ ಫೋನ್ ಮಾಡಿ ನೇರ ಆಸ್ಪತ್ರೆಗೆ ಹೊರಡಿ.

ಶೀತ ಬಿಡಿ, ಚಿಕನ್‌ಪಾಕ್ಸ್ ಮತ್ತು ದಡಾರ ಇಂಥ ಮಗುವಿಗೆ ಪ್ರಾಣಾಪಾಯ ತರಬಲ್ಲವು. ಚಿಕನ್‌ಪಾಕ್ಸ್ ಗುಳ್ಳೆ ಏಳುವ ಒಂದೆರಡು ದಿನ ಮುಂಚೆಯೇ ಹರಡುತ್ತದೆ. ಕ್ಲಬ್ಬಿನ ಯಾವುದೇ ಮಗುವಿಗೆ ಬಂದರೆ, ಕಾಯಿಲೆ ಇರುವ ಮಗು ಆ ದಿನಗಳಲ್ಲಿ ಅದರ ಹತ್ತಿರ ಬಂದಿತ್ತಾ ಅಂತ ಲೆಕ್ಕ ಹಾಕಿ ಅದೇ ದಿನ ಮನೆಯವರಿಗೆ ತಿಳಿಸಬೇಕು. ತಡೆಯುವ ಇಂಜೆಕ್ಷನ್ ಆದಷ್ಟೂ ಬೇಗ, ಸಾಧ್ಯವಾದರೆ 96 ಗಂಟೆಯೊಳಗೆ ಬೀಳಬೇಕು. ‘ಹೇಳಿದ್ರೆ ಏನಂದ್ಕೋತಾರೋ’ ಅಂತ ಸುಮ್ನೆ ಕೂತರೆ ಆ ಗಂಟೆಗಳೇ ಕಳೆದುಹೋಗುತ್ತವೆ. ತಂಡದ ಉಳಿದ ಮಕ್ಕಳ ಲಸಿಕೆ ಬಾಕಿ ಇದ್ದರೆ ಡಾಕ್ಟರನ್ನು ಕೇಳಿ ಹಾಕಿಸಿ. ನೀವು ಕೊಡಬಹುದಾದ ಉಡುಗೊರೆಗಳಲ್ಲಿ ಇದು ಎಲ್ಲಕ್ಕಿಂತ ಮೇಲು.

ನೋಡಲು ಹೋಗುವವರು ಮೂಗು ಸೋರುತ್ತಿದ್ದರೆ ಹೋಗಬೇಡಿ. ಇಬ್ಬರಿಗಿಂತ ಹೆಚ್ಚು ಬೇಡ. ಕಾಲು ಗಂಟೆಗೆ ಎದ್ದುಬಿಡಿ. ಹೂವು ತರುವ ಮುಂಚೆ ವಾರ್ಡಿನಲ್ಲಿ ಕೇಳಿ, ಇಂಥ ವಾರ್ಡುಗಳಲ್ಲಿ ಎಷ್ಟೋ ಕಡೆ ಬಿಡುವುದಿಲ್ಲ.

ಹಂತ 7: ತಂಡದಲ್ಲಿ ಅವರ ಜಾಗ ಉಳಿಸಿ

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಹಂತ ಇದು.

ಹದಿನೈದು ವರ್ಷದ ಆಟಗಾರನಿಗೆ ‘ನೀನು ಯಾರು?’ ಅಂತ ಕೇಳಿದರೆ ‘ನಾನು ಗೋಲ್‌ಕೀಪರ್’ ಅಂತಾನೆ. ಕಾಯಿಲೆ ಬಂದ ವಾರವೇ ಆ ಉತ್ತರ ಕೈತಪ್ಪುತ್ತದೆ. ಕೂದಲು ಹೋಗುವುದಕ್ಕಿಂತ ಮೊದಲು ಹೋಗುವುದು ಅದು. ಅದನ್ನು ಉಳಿಸಿಕೊಡುವುದು ಡಾಕ್ಟರ ಕೈಯಲ್ಲಿಲ್ಲ, ತಂದೆತಾಯಿಯ ಕೈಯಲ್ಲೂ ಪೂರ್ತಿ ಇಲ್ಲ. ಕ್ಲಬ್ಬಿನ ಕೈಯಲ್ಲಿದೆ.

ಜೆರ್ಸಿಯ ನಂಬರನ್ನು ಬೇರೆಯವರಿಗೆ ಕೊಡಬೇಡಿ. ತಂಡದ ಪಟ್ಟಿಯಲ್ಲಿ ಹೆಸರು ಇರಲಿ. ತಂಡದ ಗುಂಪಿನಿಂದ ತೆಗೆಯಬೇಡಿ. ಹೊಸ ಸೀಸನ್ನಿಗೆ ಎಲ್ಲರಿಗೂ ಕಿಟ್ ಬಂದಾಗ ಅವರಿಗೂ ಒಂದು ಹೋಗಲಿ, ಈಗಿನ ಅಳತೆ ಕೇಳಿಕೊಂಡು. ಚಿಕಿತ್ಸೆಯಲ್ಲಿ ಕೊಡುವ ಸ್ಟಿರಾಯ್ಡ್‌ನಿಂದ ಮುಖ ಮೈ ಊದಿಕೊಂಡಿರುತ್ತದೆ. ಹಳೆಯ ಅಳತೆಯದು ಕಳಿಸಿದರೆ ಅದನ್ನು ಹಾಕಿಕೊಳ್ಳಲಾಗದೆ ಮಗು ಇನ್ನಷ್ಟು ಕುಗ್ಗುತ್ತದೆ.

ಆಮೇಲೆ ಒಂದು ಕೆಲಸ ಕೊಡಿ. ಅದು ನಿಜವಾದ ಕೆಲಸ ಆಗಿರಬೇಕು. ಸುಮ್ನೆ ಸಮಾಧಾನಕ್ಕೆ ಕೊಟ್ಟದ್ದು ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ. ಒಂದು ವಾಲಿಬಾಲ್ ತಂಡದವರು ಹೀಗೆ ಮಾಡಿದ್ದರು. ಎದುರಾಳಿಗಳ ಪಂದ್ಯದ ವಿಡಿಯೋಗಳನ್ನು ಆಸ್ಪತ್ರೆಯಲ್ಲಿದ್ದ ಹುಡುಗಿಗೆ ಕಳಿಸುತ್ತಿದ್ದರು. ಅವಳು ಮಲಗಿಕೊಂಡೇ ನೋಡಿ, ನಿಲ್ಲಿಸಿ, ಹಿಂದಕ್ಕೆ ತಳ್ಳಿ ಮತ್ತೆ ನೋಡಿ ಗುರುತು ಹಾಕಿಕೊಳ್ಳುತ್ತಿದ್ದಳು. ‘ಏಳನೇ ನಂಬರಿನವಳು ಸ್ಕೋರ್ ಸಮ ಆದಾಗಲೆಲ್ಲ ಹಿಂದಿನ ಎಡಮೂಲೆಗೇ ಸರ್ವ್ ಮಾಡ್ತಾಳೆ. ಚೆಂಡು ಎಸೆಯೋ ಮುಂಚೆ ಒಂದು ಸಲ ಆ ಕಡೆ ನೋಡ್ತಾಳೆ’ ಅಂತ ಅವಳು ಕಳಿಸಿದ ಧ್ವನಿ ಸಂದೇಶವನ್ನು ಕೋಚ್ ಟೈಮ್‌ಔಟ್‌ನಲ್ಲಿ ಎಲ್ಲರಿಗೂ ಕೇಳಿಸಿದರು. ಮುಂದಿನ ಸರ್ವ್‌ಗೆ ಹಿಂದಿನ ಎಡಮೂಲೆಯಲ್ಲಿ ಇಬ್ಬರು ನಿಂತಿದ್ದರು. ಆ ಹುಡುಗಿಗೆ ಅವತ್ತು ಯಾರೂ ಧೈರ್ಯ ಹೇಳಬೇಕಾಗಿ ಬರಲಿಲ್ಲ.

ಸ್ಕೋರ್ ಬರೆಯುವುದು, ಚಿಕ್ಕ ಮಕ್ಕಳ ಸಮಯ ದಾಖಲಿಸುವುದು, ವೇಳಾಪಟ್ಟಿ ಹಾಕುವುದು, ಯಾವುದಾದರೂ ಸರಿ. ಆಗದ ವಾರ ಆಗುವುದಿಲ್ಲ. ಅದಕ್ಕೆ ಜೊತೆಗೆ ಇನ್ನೊಬ್ಬರು ಇರಲಿ, ಬಿಟ್ಟುಹೋದರೆ ಯಾರೂ ಪ್ರಶ್ನೆ ಕೇಳಬಾರದು.

ಎಲ್ಲರೂ ಸೇರಿ ತಲೆ ಬೋಳಿಸಿಕೊಳ್ಳೋಣ ಅನ್ನುವ ಯೋಚನೆ ಬಂದರೆ ಮೊದಲು ಆ ಮಗುವನ್ನು ಕೇಳಿ. ಕೆಲವರಿಗೆ ಖುಷಿಯಾಗುತ್ತದೆ. ಕೆಲವರಿಗೆ ‘ನಿಮ್ಮದು ಎರಡು ತಿಂಗಳಿಗೆ ಬೆಳೆಯುತ್ತೆ, ನನ್ನದು?’ ಅನ್ನಿಸುತ್ತದೆ. ಇಂಗ್ಲೆಂಡಿನ ಆಸ್ಟನ್ ವಿಲ್ಲಾ ಫುಟ್‌ಬಾಲ್ ತಂಡದ ನಾಯಕ ಸ್ಟಿಲಿಯನ್ ಪೆಟ್ರೋವ್‌ಗೆ 2012ರ ಮಾರ್ಚ್‌ನಲ್ಲಿ ಲ್ಯುಕೇಮಿಯಾ ಪತ್ತೆಯಾದಾಗ ಅಭಿಮಾನಿಗಳು ಅವರ ಜೆರ್ಸಿ ನಂಬರಾದ 19ನ್ನು ಹಿಡಿದು ಪಂದ್ಯದ 19ನೇ ನಿಮಿಷದಲ್ಲಿ ಎದ್ದು ಚಪ್ಪಾಳೆ ಹೊಡೆಯತೊಡಗಿದರು. ಅದನ್ನು ಪಂದ್ಯದಿಂದ ಪಂದ್ಯಕ್ಕೆ ಮುಂದುವರಿಸಿದರು. ನನಗೆ ಅದರಲ್ಲಿ ಹಿಡಿಸಿದ್ದು ಇಷ್ಟು: ಖರ್ಚಿಲ್ಲ, ಭಾಷಣವಿಲ್ಲ, ಒಂದೇ ದಿನಕ್ಕೆ ಮುಗಿಯಲೂ ಇಲ್ಲ.

ಹಂತ 8: ನಡುವಿನ ಉದ್ದ ದಾರಿ, ಕೆಟ್ಟ ಸುದ್ದಿ

ಏಳೆಂಟು ತಿಂಗಳ ನಂತರ ಚಾರ್ಟ್ ಸಡಿಲವಾಗುತ್ತದೆ. ಸಂಪರ್ಕಕ್ಕೆ ನಿಂತವರು ಸುಸ್ತಾಗುತ್ತಾರೆ. ಮೊದಲೇ ಇನ್ನೊಬ್ಬರನ್ನು ತಯಾರು ಮಾಡಿ, ಒಂದು ತಿಂಗಳು ಇಬ್ಬರೂ ಜೊತೆಗಿದ್ದು ಕೆಲಸ ಬದಲಾಯಿಸಿಕೊಳ್ಳಲಿ. ಕೂದಲು ಬೆಳೆದು, ಶಾಲೆಗೂ ಹೋಗಲು ಶುರುಮಾಡಿದರೆ ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ. ಆಗಲೂ ದಿನಾ ಮಾತ್ರೆ, ತಿಂಗಳು ತಿಂಗಳು ಆಸ್ಪತ್ರೆ ನಡೆಯುತ್ತಲೇ ಇರುತ್ತದೆ.

ಕಾಯಿಲೆ ಮರಳಿ ಬಂದರೆ ಮೊದಲ ಸಲಕ್ಕಿಂತ ಜನ ಕಡಿಮೆ ಬರುತ್ತಾರೆ. ಏನು ಹೇಳಬೇಕು ಅಂತ ತೋಚದೆ ದೂರ ಉಳಿಯುತ್ತಾರೆ. ಹೇಳಲು ಏನೂ ಇಲ್ಲದಿದ್ದರೆ ಅದನ್ನೇ ಹೇಳಿ. ‘ಏನು ಹೇಳಬೇಕೋ ಗೊತ್ತಾಗ್ತಿಲ್ಲ, ಆದರೆ ಬಂದಿದ್ದೇನೆ’ ಅಂದರೆ ಸಾಕು. ಚಿಕಿತ್ಸೆಯಿಂದ ಇನ್ನು ಗುಣವಾಗುವುದಿಲ್ಲ ಅಂತ ಡಾಕ್ಟರು ಹೇಳಿದ ಮೇಲೂ ಮಗು ತಂಡದ ಆಟಗಾರನೇ. ವಿಡಿಯೋ ಕಳಿಸುವುದು ನಿಲ್ಲಿಸಬೇಡಿ. ಅವನಿಗೆ ಮೈದಾನ ನೋಡಬೇಕು ಅನ್ನಿಸಿದರೆ ಗಾಡಿ ತನ್ನಿ. ಮಗು ಹೋದರೆ, ತಂಡದ ಮಕ್ಕಳು ಅಂತ್ಯಸಂಸ್ಕಾರಕ್ಕೆ ಬರಬಹುದಾ, ಜೆರ್ಸಿ ಯಾರ ಹತ್ತಿರ ಇರಬೇಕು, ನೆನಪಿಗೆ ಏನು ಮಾಡಬೇಕು, ಎಲ್ಲವೂ ಮನೆಯವರು ಹೇಳಿದಂತೆ. ಚಾರ್ಟ್ ಅಲ್ಲಿಗೆ ಮುಗಿಯಬಾರದು. ಮುಂದಿನ ವರ್ಷ ಅದೇ ತಿಂಗಳಿಗೂ, ಅವನ ಹುಟ್ಟುಹಬ್ಬಕ್ಕೂ ಒಬ್ಬೊಬ್ಬರ ಹೆಸರು ಇರಲಿ.

ಹಂತ 9: ಮೈದಾನಕ್ಕೆ ಮರಳುವಾಗ

ಬಹಳ ಮಕ್ಕಳು ಮರಳುತ್ತಾರೆ. ನೆದರ್ಲೆಂಡ್ಸ್‌ನ ಈಜುಗಾರ ಮಾರ್ಟೆನ್ ವಾನ್ ಡರ್ ವೈಡನ್‌ಗೆ 2001ರಲ್ಲಿ ಲ್ಯುಕೇಮಿಯಾ ಬಂತು, ರಕ್ತ ತಯಾರಿಸುವ ಕಾಂಡಕೋಶಗಳ ಕಸಿ ಆಯಿತು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ 10 ಕಿಲೋಮೀಟರ್ ತೆರೆದ ನೀರಿನ ಈಜಿನಲ್ಲಿ ಚಿನ್ನ ಗೆದ್ದರು. ಇಕೀ 2021ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ರಿಲೇ ಈಜಿದರು. ಯುವರಾಜ್ ಸಿಂಗ್ 2012ರಲ್ಲಿ ಕೀಮೋ ಮುಗಿಸಿ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಭಾರತಕ್ಕೆ ಮತ್ತೆ ಆಡಿದ್ದು ನಮಗೆಲ್ಲ ಗೊತ್ತಿದೆ. ಈ ಕಥೆಗಳನ್ನು ನಿಮ್ಮ ಧೈರ್ಯಕ್ಕೆ ಇಟ್ಟುಕೊಳ್ಳಿ. ಮಗುವಿನ ಮುಂದೆ ಅಳತೆಗೋಲಾಗಿ ಹಿಡಿಯಬೇಡಿ. ಕಾಯಿಲೆ ಬೇರೆ, ವಯಸ್ಸು ಬೇರೆ, ಕೊಟ್ಟ ಔಷಧಿ ಬೇರೆ.

ಮೊದಲ ದಿನದ ಮುಂಚೆ ಡಾಕ್ಟರಿಂದ ಬರೆಸಿಕೊಳ್ಳಬೇಕಾದ್ದು ಕೆಲವು ಇವೆ. ಪ್ಲೇಟ್‌ಲೆಟ್ ಎಷ್ಟಿದೆ, ಡಿಕ್ಕಿಯಾಗುವ ಆಟ ಆಡಬಹುದಾ? ಔಷಧಿ ಹರಿಸಲು ಎದೆಯ ಚರ್ಮದಡಿ ಇಟ್ಟ ಪೋರ್ಟ್ ಅಥವಾ ಹೊರಗೆ ಇಳಿಬಿಟ್ಟ ನಳಿಕೆ ಇನ್ನೂ ಇದೆಯಾ? ನಳಿಕೆ ಇದ್ದರೆ ಸಾಮಾನ್ಯವಾಗಿ ಈಜು ಬೇಡ ಅಂತಾರೆ. ಹೃದಯದ ಎಕೋ ಪರೀಕ್ಷೆ ಆಗಿದೆಯಾ? ಯಾವ ಲಕ್ಷಣ ಕಂಡರೆ ತಕ್ಷಣ ನಿಲ್ಲಿಸಬೇಕು?

ಆಮೇಲೆ ಕಣ್ಣಿಟ್ಟು ನೋಡಿ. ವಿನ್‌ಕ್ರಿಸ್ಟಿನ್ ಎಂಬ ಔಷಧಿ ಕೈಕಾಲಿನ ನರಗಳನ್ನು ಸೊರಗಿಸುತ್ತದೆ. ಹಾಗಾದಾಗ ಪಾದದ ಮುಂಭಾಗ ಮೇಲೇಳುವುದಿಲ್ಲ, ಸಮತಟ್ಟು ನೆಲದಲ್ಲೂ ಬೆರಳು ತಾಗಿ ಎಡವುತ್ತಾರೆ. ಬೆಂಚಿನ ಮೇಲೆ ಕೂತು ಶೂ ಲೇಸ್ ಹಿಡಿದ ಹುಡುಗಿಯ ಬೆರಳು ಗಂಟು ಹಾಕಲು ಒಪ್ಪುವುದಿಲ್ಲ. ಅವಳು ಎರಡು ಸಲ, ಮೂರು ಸಲ ಪ್ರಯತ್ನಿಸಿ ಲೇಸನ್ನು ಶೂ ಒಳಗೆ ತುರುಕಿ ಏಳುತ್ತಾಳೆ. ಕೇಳಿದರೆ ‘ಏನಿಲ್ಲ ಸರ್’ ಅಂತಾಳೆ. ಇದನ್ನು ಕಂಡವರು ಅಲ್ಲೇ ಎಲ್ಲರ ಮುಂದೆ ಕಟ್ಟಿಕೊಡುವುದು ಬೇಡ. ಮುಂದಿನ ಸಲಕ್ಕೆ ಗಂಟು ಬೇಡದ ಲೇಸ್ ತರಿಸಿ, ಫಿಸಿಯೋಥೆರಪಿಯವರಿಗೆ ತಿಳಿಸಿ.

ದೀರ್ಘ ಕಾಲ ಸ್ಟಿರಾಯ್ಡ್ ತೆಗೆದುಕೊಂಡವರಲ್ಲಿ, ಅದರಲ್ಲೂ ಹದಿವಯಸ್ಸಿನವರಲ್ಲಿ, ಸೊಂಟದ ಮತ್ತು ಮಂಡಿಯ ಕೀಲುಗಳ ಮೂಳೆಗೆ ರಕ್ತ ಸಾಲದೆ ಅದು ಸವೆಯುವ ತೊಂದರೆ ಬರಬಹುದು. ಮರಳಿ ಬಂದ ಮಗು ತೊಡೆಸಂದಿ ನೋಯುತ್ತದೆ ಅಂದರೆ ‘ಅಭ್ಯಾಸ ತಪ್ಪಿದೆ, ಸರಿಹೋಗುತ್ತೆ’ ಅನ್ನಬೇಡಿ. ಅವತ್ತಿಗೆ ಓಟ ನಿಲ್ಲಿಸಿ, ಡಾಕ್ಟರ ಹತ್ತಿರ ಕಳಿಸಿ.

ಹಳೆಯ ಟೈಮಿಂಗ್ ಬರೆದಿಟ್ಟ ಪುಸ್ತಕ ಮುಚ್ಚಿಡಿ. ಹೊಸ ಪುಟದಿಂದ ಶುರುಮಾಡಿ. ಕಾಯಿಲೆಗೆ ಮುಂಚಿನ ತನ್ನ ದಾಖಲೆ ಆ ಮಗುವಿಗೆ ಬಾಯಿಪಾಠ ಇರುತ್ತದೆ, ನೀವು ನೆನಪಿಸಬೇಕಾಗಿಲ್ಲ. ಮೊದಲ ತಿಂಗಳುಗಳಲ್ಲಿ ಅರ್ಧ ಅವಧಿ, ದಿನ ಬಿಟ್ಟು ದಿನ. ಮರುದಿನ ಬೆಳಗ್ಗೆ ಹೇಗಿತ್ತು ಅಂತ ಕೇಳಿ ಅದರ ಮೇಲೆ ಮುಂದಿನದನ್ನು ಗೊತ್ತುಮಾಡಿ. ಒಟ್ಟಿಗೆ ಶುರುಮಾಡಿದ ಗೆಳೆಯರು ಮೇಲಿನ ವಯೋಮಿತಿಯ ತಂಡಕ್ಕೆ ಹೋಗಿರುತ್ತಾರೆ. ಶಕ್ತಿಗೆ ತಕ್ಕಂತೆ ಚಿಕ್ಕವರ ಜೊತೆ ಆಡಿಸಬೇಕಾಗಬಹುದು, ಆದರೆ ಓಡಾಟ, ಊಟ, ಹರಟೆ ಹಳೆಯ ಗೆಳೆಯರ ಜೊತೆಗೇ ಇರುವಂತೆ ನೋಡಿಕೊಳ್ಳಿ.

ಸ್ಪರ್ಧೆಗೆ ಇಳಿಯುವ ಮಟ್ಟಕ್ಕೆ ಬಂದರೆ ಉದ್ದೀಪನ ಮದ್ದಿನ ನಿಯಮ ಮರೆಯಬೇಡಿ. ಬಾಯಿಯ ಮೂಲಕ ಅಥವಾ ಇಂಜೆಕ್ಷನ್ನಿನಿಂದ ತೆಗೆದುಕೊಳ್ಳುವ ಈ ಸ್ಟಿರಾಯ್ಡ್ ಔಷಧಿಗಳು ಉದ್ದೀಪನ ಮದ್ದು ತಡೆಯುವ ವಿಶ್ವ ಸಂಸ್ಥೆಯಾದ ವಾಡಾದ ನಿಷೇಧಿತ ಪಟ್ಟಿಯಲ್ಲಿ ಸ್ಪರ್ಧೆಯ ಅವಧಿಗೆ ನಿಷಿದ್ಧ. ಡಾಕ್ಟರ ಚೀಟಿ ಒಂದೇ ಸಾಲದು. ಚಿಕಿತ್ಸೆಗಾಗಿ ಬಳಸುವ ವಿನಾಯಿತಿ, ಅಂದರೆ ಟಿಯುಇಗೆ ಮೊದಲೇ ಅರ್ಜಿ ಹಾಕಬೇಕು. ಇಷ್ಟೆಲ್ಲ ದಾಟಿ ಬಂದ ಮಗು ಒಂದು ಕಾಗದ ಇಲ್ಲ ಅಂತ ಸಿಕ್ಕಿಬೀಳಬಾರದು. ಕಾಗದ ಪತ್ರ ನೋಡಿಕೊಳ್ಳುತ್ತಿದ್ದವರಿಗೇ ಇದನ್ನೂ ವಹಿಸಿ.

ಅವರ ಫೈಲಿನಲ್ಲಿ ಇನ್ನೊಂದು ಹಾಳೆ ಇರಬೇಕು. ಯಾವ ಔಷಧಿ ಎಷ್ಟು ಕೊಟ್ಟರು ಅನ್ನುವ ಚಿಕಿತ್ಸೆಯ ಸಾರಾಂಶ. ಡಾಕ್ಸೊರೂಬಿಸಿನ್‌ನಂಥ ಔಷಧಿಗಳು ಹೃದಯಕ್ಕೆ ಮಾಡುವ ತೊಂದರೆ ಎಷ್ಟೋ ವರ್ಷದ ನಂತರ ತೋರಬಹುದು. ಹಾಗಾಗಿ ಚೆನ್ನಾಗಿ ಓಡುತ್ತಿದ್ದರೂ ಡಾಕ್ಟರು ಹೇಳಿದ ಸಮಯಕ್ಕೆ ಎಕೋ ಮಾಡಿಸುತ್ತಲೇ ಇರಬೇಕು. ಮಗು ದೊಡ್ಡದಾಗಿ ಬೇರೆ ಊರಿಗೆ, ಬೇರೆ ಕ್ಲಬ್ಬಿಗೆ ಹೊರಟಾಗ ಅಲ್ಲಿನ ಕೋಚ್‌ಗೆ ಈ ವಿಷಯ ಗೊತ್ತಿರುವುದಿಲ್ಲ. ವರ್ಗಾವಣೆ ಪತ್ರಕ್ಕೆ ಸಹಿ ಹಾಕುವ ದಿನ ಆ ಹಾಳೆಯ ಪ್ರತಿಯನ್ನು ಅವರ ಕೈಗೇ ಕೊಡಿ, ಮುಂದಿನ ಎಕೋ ಯಾವಾಗ ಅಂತ ಮೇಲೆ ಬರೆದು.